ಸರಿಯಾಗಿ ಅರ್ಧ ಎಂತಕ್ಕೆ ಸರ್?

ನನ್ನದು ಬ್ಯಾಟರಿ, ಇನ್ವರ್ಟರ್ ರಿಪೇರಿಯ ಸಣ್ಣ ಅಂಗಡಿ. ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿದೆ. ಕಳೆದ ನವೆಂಬರಿನಲ್ಲಿ ಹತ್ತಿರದ ಹೈಸ್ಕೂಲಿನ ವಿಜ್ಞಾನದ ಟೀಚರ್ ಅಂಗಡಿಗೆ ಬಂದರು. ಅವರ ಮನೆಯ ಇನ್ವರ್ಟರಿಗೆ ನಾನೇ ಡಿಸ್ಟಿಲ್ಡ್ ವಾಟರ್ ಹಾಕುವುದು. "ನೀವು ಒಂಬತ್ತನೇ ಕ್ಲಾಸಿಗೆ ಬಂದು ಸೋಲಾರ್, ಗಾಳಿ, ಗೋಬರ್ ಗ್ಯಾಸ್ ಬಗ್ಗೆ ಅರ್ಧ ಗಂಟೆ ಮಾತಾಡ್ಬೇಕು" ಎಂದರು. ನಾನು ಭಾಷಣ ಮಾಡಿದವನಲ್ಲ. ಆದರೂ ಒಪ್ಪಿಕೊಂಡೆ.

ಹತ್ತು ಪಾಯಿಂಟ್ ಬರೆದುಕೊಂಡು ಹೋಗಿದ್ದೆ. ಮೂರನೇ ಪಾಯಿಂಟಿಗೆ ಬರುವಾಗ ಅರ್ಧ ಕ್ಲಾಸು ಕಿಟಕಿಯ ಹೊರಗೆ ನೋಡುತ್ತಿತ್ತು. ನಾನೂ ಅತ್ತ ನೋಡಿದೆ. ನೀರಿನ ಟ್ಯಾಂಕಿನ ಪಕ್ಕದ ತಾರಸಿಯಲ್ಲಿ ಒಂದು ಸೋಲಾರ್ ಪ್ಯಾನೆಲ್ ಇತ್ತು. ಮೇಲೆಲ್ಲ ಪಾಚಿ ಕಟ್ಟಿ ಹಂಚಿನ ಹಾಗೆ ಕಪ್ಪಾಗಿತ್ತು. ಕೊನೆಯ ಬೆಂಚಿನ ಹುಡುಗ ಕೈ ಎತ್ತಿದ. ಅವನ ತಂದೆ ಮಲ್ಪೆಯಲ್ಲಿ ಬೋಟಿಗೆ ಹೋಗುವವರಂತೆ.

"ಸರ್, ನಮ್ಮ ಶಾಲೆದೇ ಒಂದು ಸೋಲಾರ್ ಉಂಟಲ್ಲ. ಅದು ಎಂತಕ್ಕೆ ಹೊತ್ತುದಿಲ್ಲ?"

ನನ್ನ ಹತ್ತು ಪಾಯಿಂಟಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಟೀಚರ್ ಗೋಡೆಗೆ ಒರಗಿ ನಗುತ್ತಿದ್ದರು. ನನ್ನನ್ನು ಕರೆಸಿದ್ದೇ ಇದಕ್ಕೋ ಏನೋ ಎಂದು ಈಗಲೂ ಅನುಮಾನ. ಭಾಷಣ ಅಲ್ಲಿಗೆ ನಿಂತಿತು. ಮುಂದಿನ ಶನಿವಾರದಿಂದ ಮಧ್ಯಾಹ್ನದ ಮೇಲೆ ರಿಪೇರಿ ಶುರು. ಬಂದವರು ಹದಿನಾಲ್ಕು ಮಕ್ಕಳು, ಟೀಚರ್, ಶಾಲೆಯ ಅಟೆಂಡರ್ ಮತ್ತು ನಾನು.

ಮೊದಲ ಶನಿವಾರ: ತಾರಸಿ

ಟೀಚರ್ ಲ್ಯಾಬಿನ ಗೋಡೆಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿದ್ದರು. ಎರಡು ಕಾಲಂ. ಎಡಗಡೆ ಮಕ್ಕಳ ಪ್ರಶ್ನೆ. ಬಲಗಡೆ, ಏನನ್ನು ಅಳೆದರೆ ಗೊತ್ತಾಗುತ್ತದೆ ಎಂದು ಅವರೇ ಬರೆಯಬೇಕು. ನನಗೆ ಒಂದೇ ಷರತ್ತು: ಬಲಗಡೆ ತುಂಬುವವರೆಗೆ ಉತ್ತರ ಹೇಳಬಾರದು. ಇದು ಕೇಳಲು ಸುಲಭ. ಗೊತ್ತಿದ್ದದ್ದನ್ನು ಬಾಯಲ್ಲಿ ಇಟ್ಟುಕೊಂಡು ಸುಮ್ನೆ ನಿಲ್ಲುವುದು ಎಷ್ಟು ಕಷ್ಟ ಎಂದು ಆವತ್ತು ಗೊತ್ತಾಯಿತು.

ವ್ಯವಸ್ಥೆ ಇದು: 75 ವ್ಯಾಟಿನ ಒಂದು ಪ್ಯಾನೆಲ್. ಕೆಳಗೆ ಲ್ಯಾಬಿನ ಮೂಲೆಯಲ್ಲಿ ಮರದ ಪೆಟ್ಟಿಗೆ, ಅದರೊಳಗೆ 12 ವೋಲ್ಟಿನ, 75 ಆಂಪ್ ಅವರ್ ಬ್ಯಾಟರಿ. ಗೋಡೆಯಲ್ಲಿ ಚಾರ್ಜ್ ಕಂಟ್ರೋಲರ್, ಅಂದರೆ ಬ್ಯಾಟರಿಗೆ ಹೋಗುವ ಚಾರ್ಜನ್ನು ಹದದಲ್ಲಿಡುವ ಪೆಟ್ಟಿಗೆ. ಜಗಲಿಯಲ್ಲಿ ನಾಲ್ಕು ಎಲ್‌ಇಡಿ ಬಲ್ಬು, ಒಂದೊಂದು 9 ವ್ಯಾಟ್. ಹಳೆ ವಿದ್ಯಾರ್ಥಿಗಳು ಹಾಕಿಸಿಕೊಟ್ಟದ್ದು. "ಎರಡು ಸಲ ಬ್ಯಾಟರಿ ಬದಲು ಮಾಡಿಯಾಯ್ತು ಮಾರಾಯ್ರೆ" ಎಂದರು ಅಟೆಂಡರ್. "ಎರಡನೇದು ಒಂದು ವರ್ಷವೂ ಬರ್ಲಿಲ್ಲ. ಮತ್ತೆ ಯಾರೂ ಅದರ ಸುದ್ದಿಗೆ ಹೋಗ್ಲಿಲ್ಲ."

ನನ್ನ ಮನಸ್ಸಿನಲ್ಲಿ ಆಗಲೇ ತೀರ್ಮಾನ ಆಗಿತ್ತು. ನೀರು ಹಾಕಿಲ್ಲ, ಬ್ಯಾಟರಿ ಹೋಗಿದೆ, ಪ್ಯಾನೆಲಿಗೆ ಪಾಚಿ. ತೊಳೆದು ಹೊಸ ಬ್ಯಾಟರಿ ಇಟ್ಟರೆ ಮುಗಿಯಿತು. ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಕೇಸು ಹೀಗೆಯೇ ಇರುತ್ತದೆ.

ತೊಳೆಯುವ ಕೆಲಸ ಮಕ್ಕಳಿಗೆ ಬಿಟ್ಟೆವು. ಪಾತ್ರೆ ತಿಕ್ಕುವ ಉಕ್ಕಿನ ಬ್ರಶ್ ತಂದವನನ್ನು ವಾಪಸ್ ಕಳಿಸಿದೆ, ಗಾಜಿಗೆ ಗೀರು ಬೀಳುತ್ತದೆ. ಹಳೆ ಬೈರಾಸು, ಸೋಪಿನ ನೀರು ಸಾಕು. ಕಾದ ಗಾಜಿನ ಮೇಲೆ ಒಮ್ಮೆಗೇ ತಣ್ಣೀರು ಸುರಿಯುವುದೂ ಬೇಡ. ಅದಕ್ಕೇ ಮೊದಲು ಒಂದು ಹಳೆ ಬ್ಯಾನರ್ ಮುಚ್ಚಿ ತಣಿಯಲು ಬಿಟ್ಟೆವು. ಪಾಚಿ ಹೋದ ಮೇಲೆ ನೀಲಿ ಚೌಕಗಳು ಕಂಡವು. ಎರಡು ಜಡೆಯ ಒಬ್ಬಳು ಎಣಿಸಿದಳು. ಒಂದು ಸಾಲಿಗೆ ಒಂಬತ್ತು, ನಾಲ್ಕು ಸಾಲು, ಒಟ್ಟು 36 ಸೆಲ್.

"ಒಂದರಲ್ಲಿ ಎಷ್ಟು ವೋಲ್ಟ್ ಸರ್?"

ಲ್ಯಾಬಿನಲ್ಲಿ ಆಟಿಕೆಯ ಒಂದು ಒಂಟಿ ಸೆಲ್ ಇತ್ತು. ಬಿಸಿಲಿಗೆ ಹಿಡಿದು ಅಳೆದರು. 0.6 ಚಿಲ್ಲರೆ. 36ರಿಂದ ಗುಣಿಸಿದರೆ 21.6. ಒಂದರ ಹಿಂದೆ ಒಂದು ಜೋಡಿಸಿದರೆ ವೋಲ್ಟು ಕೂಡುತ್ತದೆ ಎಂದು ಅವರಿಗೆ ಟಾರ್ಚಿನ ಸೆಲ್ಲಿನಿಂದ ಗೊತ್ತು. ಬಿಸಿಲಿಗೆ ಪ್ಯಾನೆಲ್ ಕಾದಾಗ ವೋಲ್ಟು ಸ್ವಲ್ಪ ಇಳಿಯುತ್ತದೆ ಎಂದು ನಾನು ಸೇರಿಸಿದೆ. ಅಷ್ಟಕ್ಕೇ ಟೀಚರ್ ಕಣ್ಣು ಬಿಟ್ಟರು. ಸರಿ, 19-20 ಬರಬಹುದು ಎಂದು ಮಕ್ಕಳು ಶೀಟಿನಲ್ಲಿ ಬರೆದರು.

ಪ್ಯಾನೆಲಿನ ವಯರ್ ಬಿಡಿಸಿ ಮೀಟರ್ ಇಟ್ಟರೆ 9.8.

"ಹಳೆ ಪ್ಯಾನೆಲ್ ಅಲ್ವಾ, ಹಾಗೆ ಇಳಿದಿರ್ತದೆ" ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಅಂಗಡಿಯಲ್ಲಿ ಗಿರಾಕಿಗೆ ಹೇಳಿದ್ದರೆ ಅವರು ತಲೆಯಾಡಿಸಿ ಹೊಸ ಪ್ಯಾನೆಲಿಗೆ ದುಡ್ಡು ಎಣಿಸುತ್ತಿದ್ದರು. ಆ ಎರಡು ಜಡೆಯವಳು ತಲೆಯಾಡಿಸಲಿಲ್ಲ.

"ಹಳತಾದ್ರೆ ಸರಿಯಾಗಿ ಅರ್ಧ ಎಂತಕ್ಕೆ ಸರ್? 13 ಆಗ್ಬಹುದಿತ್ತು. 17 ಆಗ್ಬಹುದಿತ್ತು."

ಆಗ ನನಗೆ ಬೆವರು ಬಂದದ್ದು ಬಿಸಿಲಿಗೆ ಮಾತ್ರ ಅಲ್ಲ. ಹೌದಲ್ಲ! ವಯಸ್ಸಾದ ಪ್ಯಾನೆಲಿನಲ್ಲಿ ಕಡಿಮೆಯಾಗುವುದು ಹೆಚ್ಚಾಗಿ ಆಂಪು, ಅಂದರೆ ಹರಿಯುವ ಕರೆಂಟಿನ ಪ್ರಮಾಣ. ವೋಲ್ಟು ಹೀಗೆ ಅರ್ಧಕ್ಕೆ ಬೀಳುವುದಿಲ್ಲ. ಅರ್ಧ ಎಂದರೆ 18 ಸೆಲ್. ಎಲ್ಲೋ ಅರ್ಧ ಪ್ಯಾನೆಲ್ ಲೆಕ್ಕದಿಂದ ಹೊರಗೆ ಹೋಗಿದೆ.

ಶೀಟಿನ ಎಡಗಡೆ ಅವಳು ಬರೆದಳು: ಸರಿಯಾಗಿ ಅರ್ಧ ಎಂತಕ್ಕೆ? ಬಲಗಡೆಗೆ ಬೋಟಿನವರ ಹುಡುಗ: ಹಿಂದಿನ ಪೆಟ್ಟಿಗೆ ಬಿಚ್ಚಿ ನೋಡುವುದು. ಅದೂ ನನಗೆ ಹೊಳೆಯುವ ಮೊದಲೇ.

ಎರಡನೇ ಶನಿವಾರ: ಕಪ್ಪು ಪೆಟ್ಟಿಗೆ

ಪ್ಯಾನೆಲಿನ ಬೆನ್ನಿಗೆ ಅಂಟಿಕೊಂಡ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಗೆ ಜಂಕ್ಷನ್ ಬಾಕ್ಸ್ ಎನ್ನುತ್ತೇವೆ. ನಾಲ್ಕು ಸ್ಕ್ರೂ. ಸಮುದ್ರ ಹತ್ತಿರ, ಉಪ್ಪಿನ ಗಾಳಿ, ಮೂರು ಸ್ಕ್ರೂ ತುಕ್ಕು ಹಿಡಿದು ತಿರುಗಲೇ ಇಲ್ಲ. ತೆಂಗಿನೆಣ್ಣೆ ಬಿಟ್ಟು ಅರ್ಧ ಗಂಟೆ ಕಾದೆವು. ಮುಚ್ಚಳ ತೆಗೆದಾಗ ಮೊದಲು ಹೊರಗೆ ಬಂದದ್ದು ಒಂದು ಹಲ್ಲಿ. ನಂತರ ಇರುವೆ ಗೂಡಿನ ಮಣ್ಣು. ಮಣ್ಣಿನ ಅಡಿಯಲ್ಲಿ ಮೂರು ಟರ್ಮಿನಲ್, ಅವುಗಳ ನಡುವೆ ಎರಡು ಡಯೋಡು. ಒಂದರ ಮೈ ಮೇಲೆ ಕೂದಲೆಳೆಯ ಹಾಗೆ ಒಂದು ಬಿರುಕು ಇತ್ತು. ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಇದಕ್ಕೆ ಬೈಪಾಸ್ ಡಯೋಡ್ ಎಂದು ಹೆಸರು. 18 ಸೆಲ್ಲಿಗೆ ಒಂದರಂತೆ ಕೂತಿರುತ್ತದೆ. ಒಂದು ಸೆಲ್ಲಿಗೆ ನೆರಳು ಬಿದ್ದರೆ ಆ ಸೆಲ್ ಉಳಿದವುಗಳ ಕರೆಂಟಿಗೂ ಅಡ್ಡ ನಿಲ್ಲುತ್ತದೆ. ಆಗ ಕರೆಂಟ್ ಆ ಸಾಲನ್ನು ಬಿಟ್ಟು ಡಯೋಡಿನ ಮೂಲಕ ಸುತ್ತು ಹಾಕಿ ಹೋಗುತ್ತದೆ. ಹೆದ್ದಾರಿಯಲ್ಲಿ ಸೇತುವೆ ಕೆಲಸ ನಡೆಯುವಾಗ ಸರ್ವಿಸ್ ರೋಡಿನಲ್ಲಿ ಬಿಡುವ ಹಾಗೆ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಡಯೋಡು ಒಂದು ದಿಕ್ಕಿಗೆ ಮಾತ್ರ ಬಿಡಬೇಕು. ಪ್ಯಾನೆಲಿಗೆ ಬ್ಯಾನರ್ ಮುಚ್ಚಿ ಕತ್ತಲು ಮಾಡಿ, ಡಯೋಡಿನ ಒಂದು ಕಾಲನ್ನು ಸೋಲ್ಡ್ರಿಂಗ್ ಐರನ್ನಿನಿಂದ ಬಿಡಿಸಿ, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿದೆವು. ಒಳ್ಳೆಯದು ಒಂದು ಕಡೆಯಿಂದ 0.2 ತೋರಿಸಿತು. ತಿರುಗಿಸಿ ಹಿಡಿದರೆ ಏನೂ ಇಲ್ಲ. ಬಿರುಕು ಬಿಟ್ಟದ್ದು ಎರಡು ಕಡೆಯಿಂದಲೂ 'ಪೀಂ' ಎಂದು ಕೂಗಿತು. ಶಾರ್ಟ್. ಅಂದರೆ ಸರ್ವಿಸ್ ರೋಡಿನ ಗೇಟು ವರ್ಷಗಟ್ಟಲೆ ತೆರೆದೇ ಇತ್ತು. ಅರ್ಧ ಪ್ಯಾನೆಲ್ ಬಿಸಿಲಿಗೆ ಸುಮ್ನೆ ಕಾಯುತ್ತಿತ್ತು, ಹೊರಗೆ ಒಂದು ತೊಟ್ಟು ವೋಲ್ಟು ಕೊಡುತ್ತಿರಲಿಲ್ಲ.

ಈಗ ಬ್ಯಾಟರಿಯ ಕಥೆಯೂ ಬಿಚ್ಚಿಕೊಂಡಿತು. ಬ್ಯಾಟರಿ 12 ವೋಲ್ಟಿನದು. ಅದಕ್ಕೆ ಚಾರ್ಜ್ ತುಂಬಬೇಕಾದರೆ 13-14 ವೋಲ್ಟಿನಿಂದ ತಳ್ಳಬೇಕು. ಸಣ್ಣ ತೊಟ್ಟಿಯಿಂದ ಎತ್ತರದ ಟ್ಯಾಂಕಿಗೆ ನೀರು ತಾನಾಗಿ ಹತ್ತುವುದಿಲ್ಲ. 9.8 ವೋಲ್ಟಿನಿಂದ ಒಂದು ಹನಿಯೂ ಹೋಗಿಲ್ಲ. ಎರಡನೇ ಬ್ಯಾಟರಿ ಹಾಳಾದದ್ದು ಹಸಿವಿನಿಂದ. ಅದನ್ನು ಹಾಕಿದವರು ಪ್ಯಾನೆಲಿಗೆ ಒಮ್ಮೆ ಮೀಟರ್ ಇಟ್ಟಿದ್ದರೆ ಸಾಕಿತ್ತು. ಅವರನ್ನು ಬೈಯಲು ನನಗೆ ಬಾಯಿಲ್ಲ. ಮೂರನೇದನ್ನು ಹಾಕಲು ಹೊರಟವನು ನಾನೇ ಅಲ್ವಾ.

ಡಯೋಡು ಹೋದದ್ದು ಹೇಗೆ? ಅಟೆಂಡರಿಗೆ ನೆನಪಿತ್ತು. ಒಂದು ಮೇ ತಿಂಗಳ ಸಂಜೆ, ಮಳೆ ಹಿಡಿಯುವ ಮೊದಲು, ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಬಡಿದಿತ್ತಂತೆ. ಆವತ್ತೇ ಆಫೀಸಿನ ಯುಪಿಎಸ್ ಕೂಡ ಹೋಗಿತ್ತು. ಸಿಡಿಲಿನಿಂದ ಇಂಥ ಡಯೋಡು ಶಾರ್ಟ್ ಆಗುವುದು ನಮ್ಮ ಕೆಲಸದಲ್ಲಿ ಕಾಣುವ ವಿಷಯವೇ. ಇದೇ ಕಾರಣ ಎಂದು ನಾನು ಆಣೆ ಹಾಕಲಾರೆ. ಮಕ್ಕಳು ಶೀಟಿನಲ್ಲಿ 'ಸಿಡಿಲು?' ಎಂದು ಪ್ರಶ್ನೆ ಚಿಹ್ನೆ ಇಟ್ಟೇ ಬರೆದರು.

ನನ್ನ ಡಬ್ಬಿಯಲ್ಲಿ 10ಎಸ್‌ಕ್ಯೂ045 ಇತ್ತು. 10 ಆಂಪ್, 45 ವೋಲ್ಟಿನ ಶಾಟ್ಕಿ ಡಯೋಡು. ಬೆಲೆ ಒಂದು ಪ್ಲೇಟ್ ಗೋಳಿಬಜೆಗಿಂತ ಕಡಿಮೆ. ಎರಡನ್ನೂ ಬದಲಿಸಿದೆವು, ಒಂದು ಹೋದ ಮೇಲೆ ಇನ್ನೊಂದನ್ನು ನಂಬುವುದು ಬೇಡ ಎಂದು. ಪಟ್ಟಿ ಇರುವ ತುದಿ ಯಾವ ಕಡೆ ಎಂದು ಹಳೆಯದನ್ನು ತೆಗೆಯುವ ಮೊದಲೇ ಫೋಟೋ ತೆಗೆದಿಟ್ಟುಕೊಂಡಿದ್ದೆವು. ಸೋಲ್ಡರ್ ಹಾಕಿದ್ದು ಎರಡು ಜಡೆಯವಳು. ಮೊದಲ ಸಲ ಸೀಸ ಗುಂಡಗೆ ಮಣಿ ಕಟ್ಟಿತು. ಜಾಗ ಕಾದಿಲ್ಲ ಎಂದರ್ಥ. ಎರಡನೇ ಸಲ ಹೊಳೆಯುತ್ತಾ ಹರಡಿಕೊಂಡಿತು.

ಬ್ಯಾನರ್ ಎಳೆದೆವು. ಮೀಟರಿನಲ್ಲಿ 19.6.

ಯಾರೋ ಶಿಳ್ಳೆ ಹೊಡೆದರು. ಟೀಚರ್ ಗದರಲಿಲ್ಲ.

ಆಮೇಲೆ ಬಾಳೆ ಎಲೆಯ ಆಟ. ಪ್ಯಾನೆಲಿಗೆ ನೇರವಾಗಿ ಒಂದು 12 ವೋಲ್ಟಿನ ಸಣ್ಣ ಫ್ಯಾನ್ ಕಟ್ಟಿದೆವು. 36ರಲ್ಲಿ ಒಂದೇ ಒಂದು ಸೆಲ್ ಮುಚ್ಚುವಷ್ಟು ಬಾಳೆ ಎಲೆಯ ತುಂಡು ಇಟ್ಟರೆ ಫ್ಯಾನ್ ಸೋತು ತಿರುಗುತ್ತದೆ. ಮೀಟರಿನಲ್ಲಿ ಹೆಚ್ಚುಕಡಿಮೆ ಅರ್ಧ. ಇನ್ನೊಂದು ಅರ್ಧದಲ್ಲೂ ಒಂದು ತುಂಡು ಇಟ್ಟರೆ ನಿಂತೇ ಹೋಯಿತು. ಎರಡು ತುಂಡು ಎಲೆಗೆ ಇಡೀ ಪ್ಯಾನೆಲ್ ಮಲಗಿತು. ಮಧ್ಯಾಹ್ನ ಮೂರಕ್ಕೆ ತೆಂಗಿನ ಮಡಲಿನ ನೆರಳು ಎಲ್ಲಿಗೆ ಬರುತ್ತದೆ ಎಂದು ಎಲ್ಲರೂ ಒಟ್ಟಿಗೆ ತಿರುಗಿ ನೋಡಿದರು. ಪ್ಯಾನೆಲಿನ ನಡುವಿಗೇ ಬರುತ್ತಿತ್ತು.

ಬ್ಯಾಟರಿ

ಅದಕ್ಕೆ ಜೀವ ಬರುತ್ತದಾ ಎಂದು ಎಲ್ಲರಿಗೂ ಆಸೆ. ಅಂಗಡಿಗೆ ಒಯ್ದು ಡಿಸ್ಟಿಲ್ಡ್ ವಾಟರ್ ತುಂಬಿಸಿ ಎರಡು ದಿನ ನಿಧಾನವಾಗಿ ಚಾರ್ಜ್‌ಗೆ ಇಟ್ಟೆ. ಮುಂದಿನ ಶನಿವಾರ ವಾಪಸ್ ತಂದು ಹೈಡ್ರೋಮೀಟರ್ ತೋರಿಸಿದೆ. ಆಮ್ಲ ನೀರಿನ ಎಷ್ಟು ಪಟ್ಟು ಭಾರ ಎಂದು ಅದು ಹೇಳುತ್ತದೆ. ಚಾರ್ಜ್ ತುಂಬಿದ್ದರೆ ಆಮ್ಲ 1.25 ತೋರಿಸಬೇಕು. ನಮ್ಮದು 1.10 ದಾಟಲಿಲ್ಲ. ಹಸಿದು ಕೂತ ಬ್ಯಾಟರಿಯ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳು ಕಟ್ಟುತ್ತದೆ. ಹಾಗಾದ ಮೇಲೆ ಮರಳಿ ಕರಗುವುದು ಕಡಿಮೆ. ಇದನ್ನು ಹೇಳುತ್ತಾ ಹೈಡ್ರೋಮೀಟರನ್ನು ಹೊರಗೆ ತೆಗೆಯುವಾಗ ಎರಡು ಹನಿ ನನ್ನ ಪ್ಯಾಂಟಿಗೆ ಬಿತ್ತು. ಬಿಸಿಯೂಟದ ಅಡುಗೆಮನೆಯಿಂದ ಸೋಡಾಪುಡಿ ತಂದು ಹಾಕಿದರು, ಬುಸ್ ಎಂದು ನೊರೆ ಬಂತು. ಏನೂ ಆಗಿಲ್ಲ ಎಂದುಕೊಂಡೆ. ಮನೆಯಲ್ಲಿ ಒಗೆದ ಮೇಲೆ ಎರಡು ತೂತು. ಆಮ್ಲದ ಕೆಲಸಕ್ಕೆ ಮಕ್ಕಳ ಕೈ ಹಾಕಿಸದೆ ಇದ್ದದ್ದು ಒಳ್ಳೆಯದಾಯಿತು.

ಗುಜರಿಯವರು ಅದನ್ನು ಕಿಲೋ ಲೆಕ್ಕದಲ್ಲಿ ತೆಗೆದುಕೊಂಡರು. ಒಳಗಿನ ಸೀಸ ಕರಗಿಸಿ ಮತ್ತೆ ಬ್ಯಾಟರಿಯೇ ಆಗುತ್ತದೆ.

ಅಷ್ಟೇ ದೊಡ್ಡ ಹೊಸದಕ್ಕೆ ಎಂಟು-ಹತ್ತು ಸಾವಿರದ ಮಾತು. ಹಳೆ ವಿದ್ಯಾರ್ಥಿಗಳನ್ನು ಕೇಳೋಣವಾ ಎಂದು ಚರ್ಚೆ ನಡೆಯುವಾಗ ಮುಂದಿನ ಬೆಂಚಿನ ಒಬ್ಬಳು ಕೇಳಿದಳು. ಅವಳ ಮನೆ ಶಂಕರಪುರದ ಕಡೆ, ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ದು, ಕಟ್ಟಿ ಆಮೇಲೆ ಶಾಲೆಗೆ ಬರುವವಳು. ಹೊತ್ತಿನ ಲೆಕ್ಕ ಅವಳಿಗೆ ಗೊತ್ತು.

"ರಾತ್ರಿ ಶಾಲೆಯಲ್ಲಿ ಯಾರಿರ್ತಾರೆ ಸರ್?"

ಯಾರೂ ಇಲ್ಲ. ಜಗಲಿಯ ನಾಲ್ಕು ಬಲ್ಬು ಸರಿ ಇದ್ದಷ್ಟು ಕಾಲ ರಾತ್ರಿಯಿಡೀ ಉರಿದದ್ದು ಯಾರಿಗೂ ಅಲ್ಲ. ಬೆಳಕು ಬೇಕಾದದ್ದು ಎಲ್ಲಿ ಎಂದು ಮಕ್ಕಳೇ ಒಂದು ವಾರ ನೋಡಿ ಪಟ್ಟಿ ಮಾಡಿದರು. ಎಂಟನೇ ಕ್ಲಾಸಿನ ಕೋಣೆ, ಹಲಸಿನ ಮರದ ಅಡಿಯಲ್ಲಿದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮಧ್ಯಾಹ್ನವೇ ಕತ್ತಲು. ಮತ್ತೆ ಎಸ್‌ಎಸ್‌ಎಲ್‌ಸಿಯವರ ಸಂಜೆಯ ವಿಶೇಷ ತರಗತಿ. ಒಟ್ಟು ಎರಡು ಬಲ್ಬು, ದಿನಕ್ಕೆ ಎರಡು ಗಂಟೆ. 9ನ್ನು ಎರಡು ಸಲ ಎರಡರಿಂದ ಗುಣಿಸಿದರೆ 36 ವ್ಯಾಟ್ ಅವರ್. ಅಷ್ಟೇ!

12.8 ವೋಲ್ಟ್, 12 ಆಂಪ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಟಿಫಿನ್ ಕ್ಯಾರಿಯರಿನಷ್ಟು ದೊಡ್ಡದು. ಗುಣಿಸಿದರೆ ಸುಮಾರು 150 ವ್ಯಾಟ್ ಅವರ್. ನಾಲ್ಕು ದಿನ ಬಿಸಿಲೇ ಇಲ್ಲದಿದ್ದರೂ ನಡೆಯುತ್ತದೆ. ನೀರು ಹಾಕುವ ಕೆಲಸವೂ ಇಲ್ಲ. ಗುಜರಿಯ ದುಡ್ಡಿಗೆ ಟೀಚರ್ ಮತ್ತು ನಾನು ಸ್ವಲ್ಪ ಸೇರಿಸಿದೆವು. ಅಂಗಡಿಯವನಾಗಿ ದೊಡ್ಡ ಬ್ಯಾಟರಿ ಮಾರಬೇಕಾದವನಿಗೆ ಇದು ನಷ್ಟದ ಲೆಕ್ಕವೇ.

ಮೀಟರ್ ಸುಟ್ಟದ್ದು

ಇದನ್ನು ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಪ್ಯಾನೆಲಿನ ಆಂಪು ತೋರಿಸುತ್ತಿದ್ದೆ. ಕೆಂಪು ವಯರನ್ನು ಮೀಟರಿನ 10 ಆಂಪಿನ ತೂತಿಗೆ ಬದಲಿಸಿ, ಪ್ಯಾನೆಲಿನ ಎರಡು ತುದಿಗೆ ನೇರವಾಗಿ ಇಟ್ಟರೆ 3.9 ಆಂಪ್. ಇದು ಶಾರ್ಟ್ ಮಾಡಿದ ಹಾಗೆಯೇ, ಆದರೆ ಪ್ಯಾನೆಲಿಗೆ ಏನೂ ಆಗುವುದಿಲ್ಲ ಎಂದು ಹೇಳಿದೆ. "ಈಗ ಹೊಸ ಬ್ಯಾಟರಿಯ ವೋಲ್ಟು ನೋಡಿ" ಎಂದು ಅದೇ ಕೈಯಲ್ಲಿ, ವಯರ್ ಬದಲಿಸದೆ, ಪ್ರೋಬನ್ನು ಬ್ಯಾಟರಿಗೆ ಇಟ್ಟೆ. ಪಟಾರ್! ಪ್ರೋಬಿನ ತುದಿ ಕಪ್ಪು. ಮೀಟರ್ ಸತ್ತಿತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವನು ನಾನು. ಹದಿನಾಲ್ಕು ಮಕ್ಕಳ ಎದುರು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮತ್ತೆ ಬೋಟಿನವರ ಹುಡುಗ, ಮೆಲ್ಲಗೆ: "ಪ್ಯಾನೆಲ್ ಶಾರ್ಟ್ ಮಾಡಿದ್ರೆ ಎಂತ ಆಗ್ಲಿಲ್ಲ. ಬ್ಯಾಟರಿಗೆ ಮಾತ್ರ ಎಂತಕ್ಕೆ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಭಾಷಣದಿಂದ ಹುಟ್ಟಿಸುತ್ತಿರಲಿಲ್ಲ. ಪ್ಯಾನೆಲ್ ಕೊಡುವ ಆಂಪು ಅದರ ಮೇಲೆ ಬೀಳುವ ಬಿಸಿಲಿನಷ್ಟೇ. ಎಷ್ಟು ಎಳೆದರೂ ಈ ಕ್ಷಣದ ಬಿಸಿಲಿಗಿಂತ ಜಾಸ್ತಿ ಸಿಗದು. ಬ್ಯಾಟರಿ ಹಾಗಲ್ಲ, ದಿನವಿಡೀ ತುಂಬಿಸಿಟ್ಟದ್ದನ್ನು ಒಂದೇ ಸಲಕ್ಕೆ ಸುರಿಯುತ್ತದೆ. ಒಂದು ಒರತೆ, ಇನ್ನೊಂದು ತುಂಬಿದ ಟ್ಯಾಂಕು. ಅದಕ್ಕೇ ಬ್ಯಾಟರಿಯ ಪ್ಲಸ್ಸಿನ ಹತ್ತಿರವೇ ಫ್ಯೂಸ್ ಇರಬೇಕು. ನಾವು 10 ಆಂಪಿನದು ಹಾಕಿದೆವು. ಆ ಮೇಲೆ ಯಾವ ಮಗುವೂ ಮೀಟರಿನ ತೂತು ನೋಡದೆ ಪ್ರೋಬ್ ಇಟ್ಟದ್ದಿಲ್ಲ.

ಜೋಡಣೆ ಬೇಗ ಮುಗಿಯಿತು. ಹಳೆ ವಯರ್ 1 ಸ್ಕ್ವೇರ್ ಎಂಎಂ, ತಾರಸಿಯಿಂದ ಲ್ಯಾಬಿಗೆ 15 ಮೀಟರ್. ಹೋಗಿ ಬರುವುದು 30. 4 ಆಂಪ್ ಹರಿದರೆ ದಾರಿಯಲ್ಲೇ 2 ವೋಲ್ಟು ಸೋರುತ್ತದೆ. 2.5ರದ್ದು ಎಳೆದೆವು, ಸೋರಿಕೆ 0.9ಕ್ಕೆ ಇಳಿಯಿತು. ಹಳೆ ಕಂಟ್ರೋಲರ್ ಸೀಸದ ಬ್ಯಾಟರಿಗೆ ಮಾಡಿದ್ದು, ಲಿಥಿಯಂಗೆ ಹೊಂದಿಸಲು ಬರುವ ಬೇರೆಯದು ಹಾಕಿದೆವು. ಕಂಟ್ರೋಲರಿಗೆ ಮೊದಲು ಬ್ಯಾಟರಿ ಕೊಡಬೇಕು, ಆಮೇಲೆ ಪ್ಯಾನೆಲ್, ಕೊನೆಗೆ ಬಲ್ಬು. ಬಿಚ್ಚುವಾಗ ಇದರ ತಿರುಗಾಮುರುಗಾ. ಪ್ಯಾನೆಲ್ ದಕ್ಷಿಣಕ್ಕೆ ಮುಖ, ಓರೆ ಸುಮಾರು 13 ಡಿಗ್ರಿ, ನಮ್ಮ ಅಕ್ಷಾಂಶದಷ್ಟೇ. ತುಕ್ಕು ಹಿಡಿದ ಬೋಲ್ಟುಗಳ ಜಾಗಕ್ಕೆ ಸ್ಟೀಲಿನವು.

ಶೀಟಿನಲ್ಲಿ ಉಳಿದವು

ಲೈಟು ಹೊತ್ತಿದ ಮೇಲೆ ಪ್ರಶ್ನೆ ನಿಲ್ಲುತ್ತದೆ ಎಂದುಕೊಂಡಿದ್ದೆ. ಜಾಸ್ತಿಯಾಯಿತು. ಸೂರ್ಯ ಖಾಲಿಯಾದರೆ ಏನು ಗತಿ ಎಂಬುದಕ್ಕೆ ಬಲಗಡೆ ಅಳೆಯಲು ಏನೂ ಸಿಗದೆ ಬಿಟ್ಟೆವು. ಇನ್ನೂ 500 ಕೋಟಿ ವರ್ಷ ಇದೆ, ಅವಸರ ಇಲ್ಲ.

ಕಡಲ ಕರೆಯಲ್ಲಿ ಅಷ್ಟು ಗಾಳಿ ಇರುವಾಗ ಗಾಳಿಯಂತ್ರ ಎಂತಕ್ಕೆ ಇಲ್ಲ? ಇದು ಬೋಟಿನವರ ಹುಡುಗನದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಒಂದು ಮೀಟರ್ ಅಗಲದ ರೆಕ್ಕೆಯ ಮೇಲೆ ಸೆಕೆಂಡಿಗೆ 3 ಮೀಟರಿನ ಗಾಳಿ ತರುವುದು 13 ವ್ಯಾಟ್, ಕೈಗೆ ಸಿಗುವುದು ಮೂರೋ ನಾಲ್ಕೋ. 6 ಮೀಟರಿನ ಗಾಳಿಯಾದರೆ ನೂರು. ಸಂಜೆಯ ಹಿತವಾದ ಕಡಲ ಗಾಳಿ ಅಂಗಿ ಒಣಗಿಸಲು ಸಾಕು. ಗಾಳಿಯಂತ್ರಗಳ ಸಾಲು ನೋಡಬೇಕಾದರೆ ಚಿತ್ರದುರ್ಗ, ಗದಗದ ಗುಡ್ಡಗಳಿಗೆ ಹೋಗಬೇಕು.

ಮಲ್ಲಿಗೆ ಮನೆಯವಳದು ಹಣದ ಪ್ರಶ್ನೆ. ಮನೆ ಮಾಡಿನ ಮೇಲೆ ಹಾಕಿಸಿದರೆ ಸರಕಾರ ಎಷ್ಟು ಕೊಡುತ್ತದೆ? 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿನವರೆಗೆ ಒಂದೊಂದಕ್ಕೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲಿನದಕ್ಕೆ ಒಟ್ಟು 78,000. "ಹಾಗಾದ್ರೆ ಕರೆಂಟ್ ಹೋದಾಗ ನಮಗೆ ತೊಂದರೆ ಇಲ್ಲ" ಎಂದಳು. ಅಲ್ಲೇ ಹೆಚ್ಚಿನವರು ಎಡವುವುದು. ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನಿಗೆ ಕೆಳಗಿನಿಂದ ಶಾಕ್. ಇದು ಹೇಳಿದಾಗ ಅವಳು ಒಪ್ಪಿದಳು. ಬಿಲ್ಲು ಕಡಿಮೆ ಮಾಡುವ ಸೋಲಾರ್ ಬೇರೆ, ಕತ್ತಲಿಗೆ ಆಗುವ ಸೋಲಾರ್ ಬೇರೆ ಎಂದು ಅವಳೇ ಬರೆದಳು.

ಎಲ್ಲರನ್ನೂ ಸುಮ್ಮನಾಗಿಸಿದ್ದು ಚಿಮಣಿಯ ಲೆಕ್ಕ. ಪಡುಬಿದ್ರಿ ದಾಟುವಾಗ ಎಲ್ಲೂರಿನ ಉಷ್ಣ ಸ್ಥಾವರದ ಚಿಮಣಿ ಎಲ್ಲರೂ ನೋಡಿದವರೇ. 600 ಮೆಗಾವ್ಯಾಟಿನ ಎರಡು ಘಟಕ, ಹೊರದೇಶದ ಕಲ್ಲಿದ್ದಲು. ಪೂರ್ತಿ ಓಡಿದರೆ ಅದು ಒಂದು ಸೆಕೆಂಡಿನಲ್ಲಿ ಮಾಡುವ ಕರೆಂಟನ್ನು ನಮ್ಮ ಪ್ಯಾನೆಲ್ ಎಷ್ಟು ದಿನದಲ್ಲಿ ಮಾಡುತ್ತದೆ? 1200 ಮೆಗಾವ್ಯಾಟ್ ಎಂದರೆ 12 ಲಕ್ಷ ಕಿಲೋವ್ಯಾಟ್. ಅದನ್ನು ಒಂದು ಗಂಟೆಯ 3600 ಸೆಕೆಂಡಿನಿಂದ ಭಾಗಿಸಿದರೆ 333 ಯುನಿಟ್. ನಮ್ಮದು ಒಳ್ಳೆಯ ಬಿಸಿಲಿನ ದಿನಕ್ಕೆ 0.3 ಯುನಿಟ್. ಅಂದರೆ ಮೂರು ವರ್ಷ. ಒಂದು ಸೆಕೆಂಡಿಗೆ, ಮೂರು ವರ್ಷ!

"ಹಾಗಾದ್ರೆ ನಾವು ಮಾಡಿದ್ದು ವೇಸ್ಟಾ ಸರ್?"

ನನಗೆ ಕೂಡಲೇ ಮಾತು ಹೊರಡಲಿಲ್ಲ. ಟೀಚರ್ ಪಾವಗಡದ ವಿಷಯ ತೆಗೆದರು. ಅಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಎಲ್ಲೂರಿಗಿಂತ ದೊಡ್ಡದು, ಆದರೆ ಹಗಲಿಗೆ ಮಾತ್ರ. ಸುಮಾರು 13,000 ಎಕರೆ, ರೈತರಿಂದ ಗುತ್ತಿಗೆಗೆ ಪಡೆದದ್ದು. ನಮ್ಮ ಜಿಲ್ಲೆಯಲ್ಲಿ ಅಷ್ಟು ಬಯಲು ಎಲ್ಲಿದೆ ಎಂಬ ಪ್ರಶ್ನೆ ತಾನಾಗಿ ಬಂತು. ಬಲಗಡೆ ಒಬ್ಬ ಬರೆದ: ಊರಿನ ಮಾಡುಗಳನ್ನು ಎಣಿಸುವುದು. ಅದು ಇನ್ನೂ ನಡೆಯುತ್ತಿದೆ.

ಜೂನ್

ರಜೆ ಮುಗಿದು ಶಾಲೆ ಶುರುವಾದಾಗ ಮಳೆಯೂ ಶುರು. ಪ್ಯಾನೆಲಿನ ಆಂಪನ್ನು ದಿನಾ ಮಧ್ಯಾಹ್ನ ಹನ್ನೆರಡರಿಂದ ಗಂಟೆಗೊಮ್ಮೆ ಅಳೆದು ಬರೆಯುವುದು ಮಕ್ಕಳ ಪಾಳಿ. ಒಂದು ದಿನ ಮೋಡ ಬಿರಿದು ಹತ್ತು ನಿಮಿಷ ಬಿಸಿಲು ಬಂತು, 4.4. ಆವತ್ತು ಬಾವುಟದ ಕಂಬದ ನೆರಳು ದಕ್ಷಿಣಕ್ಕೆ ಬಿದ್ದದ್ದನ್ನು ಒಬ್ಬ ನೋಡಿದ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಪ್ಯಾನೆಲ್ ತಿರುಗಿಸಬೇಕಾ? ಬೇಡ. ಆ ದಿನಗಳಲ್ಲಿ ಅರ್ಧ ಮೋಡವೇ, ಓರೆಯೂ ಕಡಿಮೆ. ತೆಳು ಮೋಡಕ್ಕೆ 1.5. ಬಿರುಸು ಮಳೆಗೆ 0.3. ಬೆಳಿಗ್ಗೆಯಿಂದ ಸಂಜೆಯವರೆಗೆ ಮಳೆ ಬಿಡದ ದಿನ ಬ್ಯಾಟರಿಗೆ ಹೋದದ್ದು 25 ವ್ಯಾಟ್ ಅವರಿನ ಆಸುಪಾಸು, ಬೇಕಾದದ್ದು 36. ಕೊರತೆಯನ್ನು ಹಿಂದಿನ ದಿನಗಳದ್ದು ತುಂಬಿಸಿತು.

ಮಾಡಿನಿಂದ ದಬದಬ ಸುರಿಯುವ ನೀರನ್ನು ನೋಡುತ್ತಾ ಎಂಟನೇ ಕ್ಲಾಸಿನ ಒಬ್ಬ ಕೇಳಿದ: ಈ ನೀರಿನಲ್ಲೇ ಕರೆಂಟ್ ಮಾಡಬಹುದಲ್ಲ? ಪ್ಲಾಸ್ಟಿಕ್ ಚಮಚ ಅಂಟಿಸಿದ ಚಕ್ರ, ಹಾಳಾದ ಪ್ರಿಂಟರಿನ ಮೋಟಾರು, ದಂಬೆಯ ಕೆಳಗೆ. ಚಕ್ರ ಭರ್ಜರಿಯಾಗಿ ತಿರುಗಿತು. ಒಂದು ಸಣ್ಣ ಕೆಂಪು ಎಲ್‌ಇಡಿ ಮಿಣಕ್ ಮಿಣಕ್ ಎಂದಿತು. ಎಲ್ಲರಿಗೂ ಖುಷಿ. ಲೆಕ್ಕ ಆಮೇಲೆ. ಮಾಡು 100 ಚದರ ಮೀಟರ್, ಎತ್ತರ 4 ಮೀಟರ್, ನಮ್ಮ ಊರಿನ ವರ್ಷದ ಮಳೆ ಸುಮಾರು 4000 ಮಿಲಿಮೀಟರ್. ಅಂದರೆ 4 ಲಕ್ಷ ಲೀಟರ್. ಇಡೀ ವರ್ಷದ ಮಳೆಯ ಒಂದು ಹನಿಯೂ ಬಿಡದೆ ಹಿಡಿದರೂ 4.4 ಯುನಿಟ್. ನಮ್ಮ ಪ್ಯಾನೆಲ್ ಬಿಸಿಲಿನ ದಿನಗಳಲ್ಲಿ ಅದನ್ನು ಹದಿನೈದು ದಿನದಲ್ಲಿ ಮಾಡುತ್ತದೆ.

"ವಾರಾಹಿಯಲ್ಲಿ ಹೇಗೆ ಆಗ್ತದೆ ಮತ್ತೆ?" ವಾರಾಹಿ ನದಿಯ ನೀರಿನಿಂದ ಕರೆಂಟ್ ಮಾಡುವ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರ 460 ಮೆಗಾವ್ಯಾಟಿನದು. ಮಳೆ ಅದೇ, ಆದರೆ ಅಲ್ಲಿ ಹಿಡಿಯುವುದು ಒಂದು ಮಾಡಿನದ್ದಲ್ಲ, ಘಟ್ಟದ ಮೇಲಿನ ಕಾಡಿನದು. ಬೀಳುವುದು 4 ಮೀಟರ್ ಅಲ್ಲ, ನೂರಾರು ಮೀಟರ್. ಚಮಚದ ಚಕ್ರ ಮಾಡಿದವನು ಅದನ್ನು ಮನೆಗೆ ಒಯ್ದಿದ್ದಾನೆ. ಮನೆ ಹಿಂದಿನ ತೋಡಿನಲ್ಲಿ ನೀರು ಜಾಸ್ತಿಯಂತೆ, ಎತ್ತರ ಎಷ್ಟು ಎಂದು ಹಗ್ಗ ಇಳಿಸಿ ಅಳೆಯುತ್ತಾನಂತೆ.

ಕಳೆದ ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಕರೆಂಟ್ ಹೋಯಿತು. ನಾನು ಅಲ್ಲಿರಲಿಲ್ಲ. ಎಂಟನೇ ಕ್ಲಾಸಿನ ಎರಡು ಬಲ್ಬು ಹಾಕಿದರಂತೆ, ಪಾಠ ನಿಲ್ಲಲಿಲ್ಲವಂತೆ. ಟೀಚರ್ ಫೋನ್ ಮಾಡಿ ಹೇಳಿದ್ದು ಅದನ್ನಲ್ಲ. ಮೂರು ಗಂಟೆಗೆ ಆಂಪು ದಿಢೀರನೆ ಇಳಿಯುತ್ತದೆ ಎಂದು ಮಕ್ಕಳು ಪುಸ್ತಕದಲ್ಲಿ ಗೆರೆ ಎಳೆದು ತೋರಿಸಿದ್ದಾರಂತೆ. ಮೋಡ ಇಲ್ಲದ ದಿನ ಮಾತ್ರ. ಅದೇ ಮಡಲು. ನವೆಂಬರಿನಲ್ಲಿ ನೋಡಿಯೂ ಕಡಿಸದೆ ಬಿಟ್ಟದ್ದು ನನ್ನ ಉದಾಸೀನ. ಮರ ಹತ್ತುವವರಿಗೆ ಹೇಳಿ ಬಂದಿದ್ದೇನೆ. ಮಳೆ ಒಂದು ದಿನ ಬಿಟ್ಟರೆ ಬುಧವಾರ ಬರುತ್ತಾರಂತೆ.